ಎರಡನೇ ಹೆರಿಗೆಗೆ ಯಾಕೆ ಆಪರೇಷನ್?

'ಮೊದಲನೆಯದು ನಾರ್ಮಲ್ ಆಗಿತ್ತಲ್ಲ, ಇದಕ್ಯಾಕೆ ಆಪರೇಷನ್ ಅಂದ್ರು?' ಹೆರಿಗೆ ವಾರ್ಡಿನ ಹೊರಗೆ ಫ್ಲಾಸ್ಕು, ಬ್ಯಾಗು ಹಿಡಿದು ಕೂತವರ ನಡುವೆ ಈ ಪ್ರಶ್ನೆ ಏಳದ ದಿನವಿಲ್ಲ. ಉತ್ತರವೂ ಅಲ್ಲೇ ಸಿಗುತ್ತದೆ. ಒಬ್ಬರು 'ದುಡ್ಡಿಗೆ ಕಣಮ್ಮ' ಅನ್ನುತ್ತಾರೆ. ಇನ್ನೊಬ್ಬರು 'ಈಗಿನ ಹುಡುಗೀರಿಗೆ ನೋವು ತಡ್ಕೊಳ್ಳೋ ಶಕ್ತಿ ಎಲ್ಲಿದೆ' ಅನ್ನುತ್ತಾರೆ. ಎರಡೂ ಅರೆಬೆಂದ ಮಾತು. ಎರಡನೆಯದಂತೂ ಸುಳ್ಳೇ ಸರಿ. ಅದೇ ಹುಡುಗಿ ಒಮ್ಮೆ ನೋವು ತಿಂದು ಹೆತ್ತು ತೋರಿಸಿದ್ದಾಳೆ.

ಲೆಕ್ಕವನ್ನೇ ಮೊದಲು ನೋಡೋಣ. ಹಿಂದೆ ಸಹಜ ಹೆರಿಗೆಯಾಗಿದೆ. ಗರ್ಭಕೋಶದ ಮೇಲೆ ಹಳೆಯ ಹೊಲಿಗೆಯಿಲ್ಲ. ಹೊಟ್ಟೆಯಲ್ಲಿ ಒಂದೇ ಮಗು, ತಲೆ ಕೆಳಗಿದೆ. 37 ವಾರ ತುಂಬಿದೆ, ನೋವು ತಾನಾಗಿಯೇ ಬಂದಿದೆ. ಇಂಥ ನೂರು ಹೆಂಗಸರು ಆಸ್ಪತ್ರೆಗೆ ಬಂದರೆ ಅವರಲ್ಲಿ ಸಿಸೇರಿಯನ್ ಆಗುವವರ ಸಂಖ್ಯೆ ಸಾಮಾನ್ಯವಾಗಿ ಮೂರನ್ನು ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2017ರ ಕೈಪಿಡಿ. ಉಳಿದ 97 ಮಂದಿ ಸಹಜವಾಗಿಯೇ ಹೆರುತ್ತಾರೆ. ಹೆರಿಗೆ ವೈದ್ಯದಲ್ಲಿ ಇಷ್ಟು ಭರವಸೆಯಿಂದ ಹೇಳಬಹುದಾದ ಮಾತು ಬಹಳ ಇಲ್ಲ.

ಈ ಅಂಕಿಯ ಹಿಂದೆ ಡಬ್ಲಿನ್‌ನ ರಾಷ್ಟ್ರೀಯ ಹೆರಿಗೆ ಆಸ್ಪತ್ರೆಯ ತಜ್ಞ ಮೈಕೆಲ್ ರಾಬ್ಸನ್ ಅವರ ಒಂದು ಸರಳ ಯೋಚನೆಯಿದೆ. ಒಂದು ಆಸ್ಪತ್ರೆಯ ಒಟ್ಟು ಸಿಸೇರಿಯನ್ ಪ್ರಮಾಣ ನೋಡಿ ಹೊಗಳುವುದರಲ್ಲೂ ಅರ್ಥವಿಲ್ಲ, ತೆಗಳುವುದರಲ್ಲೂ ಅರ್ಥವಿಲ್ಲ. ಅಲ್ಲಿಗೆ ಬಂದವರು ಯಾರು ಎಂಬುದು ಮುಖ್ಯ. ತಾಲ್ಲೂಕಿನಿಂದ ಕೈಚೆಲ್ಲಿ ಕಳಿಸಿದ ಕೇಸುಗಳೆಲ್ಲ ಬಂದು ಬೀಳುವ ಜಿಲ್ಲಾಸ್ಪತ್ರೆಯನ್ನೂ ಬಡಾವಣೆಯ ನರ್ಸಿಂಗ್ ಹೋಮನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗಾಗಿ ರಾಬ್ಸನ್ 2001ರಲ್ಲಿ ಹೆರಲು ಬರುವ ಎಲ್ಲರನ್ನೂ ಹತ್ತು ಗುಂಪು ಮಾಡಿದರು. ಚೊಚ್ಚಲ ಬಸುರಿ, ನೋವು ತಾನಾಗಿ ಬಂದವಳು ಮೊದಲ ಗುಂಪು. ಮೇಲೆ ಹೇಳಿದ, ಹಿಂದೆ ಸಹಜವಾಗಿ ಹೆತ್ತು ಈಗ ತಾನಾಗಿ ನೋವು ಬಂದವಳು ಮೂರನೆಯದು. ಅಂಥವಳಿಗೇ ಔಷಧಿ ಕೊಟ್ಟು ನೋವು ಬರಿಸಿದರೆ, ಇಲ್ಲವೇ ನೋವಿಗೆ ಮೊದಲೇ ಆಪರೇಷನ್ ಮಾಡಿದರೆ ನಾಲ್ಕನೆಯದು. ಹಿಂದೆ ಸಿಸೇರಿಯನ್ ಆದವರು ಐದನೆಯದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಈ ವಿಂಗಡಣೆಯನ್ನು ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ಮೂರನೇ ಗುಂಪಿನಲ್ಲಿ ಪ್ರಮಾಣ ಏರಿದ್ದರೆ ಒಂದೋ ದಾಖಲೆಯಲ್ಲಿ ತಪ್ಪಾಗಿರಬೇಕು, ಹೊಲಿಗೆಯಿದ್ದವರನ್ನು ಇಲ್ಲದವರ ಜೊತೆ ಸೇರಿಸಿರಬೇಕು. ಅದಿಲ್ಲವಾದರೆ ಆ ಆಸ್ಪತ್ರೆಯ ಲೇಬರ್ ವಾರ್ಡಿನಲ್ಲಿ ಏನೋ ಸರಿಯಿಲ್ಲ.

ಎರಡನೆಯದು ಯಾಕಿಷ್ಟು ಸಲೀಸು? ಮೊದಲ ಹೆರಿಗೆಯಲ್ಲಿ ಗರ್ಭಕೋಶದ ಬಾಯಿ ಮೊದಲು ತೆಳ್ಳಗಾಗಿ ಆಮೇಲೆ ತೆರೆದುಕೊಳ್ಳಬೇಕು. ಮುಂದಿನ ಹೆರಿಗೆಗಳಲ್ಲಿ ಎರಡೂ ಒಟ್ಟೊಟ್ಟಿಗೆ ಆಗುತ್ತವೆ. ಕೆಳಹೊಟ್ಟೆಯ ಸ್ನಾಯುಗಳು ಒಮ್ಮೆ ಹಿಗ್ಗಿ ಸಡಿಲಗೊಂಡಿರುತ್ತವೆ. ಗರ್ಭಕೋಶದ ಹಿಂಡುವಿಕೆಗೂ ಒಂದು ಹದ ಬಂದಿರುತ್ತದೆ. ಎಲ್ಲಕ್ಕಿಂತ ದೊಡ್ಡದಾಗಿ, ಒಂದು ಮಗು ಹಾದು ಬಂದ ಮೂಳೆಗೂಡು ಅದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಪೂರ್ತಿ ತೆರೆಯಲು ಚೊಚ್ಚಲಿನಲ್ಲಿ 12 ಗಂಟೆಯವರೆಗೂ ಮುಂದಿನವುಗಳಲ್ಲಿ 10 ಗಂಟೆಯವರೆಗೂ ಹಿಡಿಯಬಹುದು ಎನ್ನುತ್ತದೆ. ಪೂರ್ತಿ ತೆರೆದ ಮೇಲೆ ಮುಕ್ಕಿ ಹೆರಲು ಮೊದಲನೆಯದಕ್ಕೆ ಮೂರು ಗಂಟೆ, ಆಮೇಲಿನವಕ್ಕೆ ಎರಡು. ಇವು ಗರಿಷ್ಠ ಮಿತಿಗಳು. ಎರಡನೇ ಹೆರಿಗೆಗೆ ಆಸ್ಪತ್ರೆಯ ಗೇಟು ದಾಟುವ ಮೊದಲೇ ಆಟೊದಲ್ಲೋ 108ರಲ್ಲೋ ಹೆತ್ತವರ ಕಥೆ ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಸಿಗುತ್ತದೆ.

ದಾರಿ ಹಳತು, ಬರುವವರು ಹೊಸಬರು

ಹಾಗಿದ್ದ ಮೇಲೆ ಆ ಮೂವರು ಯಾರು? ಆ ನೂರರ ಲೆಕ್ಕಕ್ಕೇ ಸೇರದೆ ಆಪರೇಷನ್ ಆಗುವವರು ಯಾರು? ತಾಯಿಯ ದೇಹ ಒಮ್ಮೆ ಪರೀಕ್ಷೆಗೆ ಒಡ್ಡಿಕೊಂಡಿದೆ ನಿಜ. ಆದರೆ ಮಗು ಹೊಸದು, ಮಾಸು ಹೊಸದು, ಹೊಕ್ಕುಳಬಳ್ಳಿ ಹೊಸದು. ತಾಯಿಯ ವಯಸ್ಸೂ ತೂಕವೂ ಮೊದಲಿನಷ್ಟೇ ಇಲ್ಲ.

ದಿನ ತುಂಬಿದ ನೂರು ಬಸಿರಿನಲ್ಲಿ ಮೂರು ನಾಲ್ಕರಲ್ಲಿ ಮಗುವಿನ ತಲೆ ಮೇಲಿದ್ದು ಕುಂಡೆಯೋ ಕಾಲೋ ಕೆಳಗಿರುತ್ತದೆ. ಸುಮಾರು ಇನ್ನೂರರಲ್ಲಿ ಒಂದರಲ್ಲಿ ಮಾಸು ಗರ್ಭಕೋಶದ ಬಾಯಿಗೇ ಅಡ್ಡ ಕೂತಿರುತ್ತದೆ. ಹೆರಿಗೆಗಳ ಸಂಖ್ಯೆ ಹೆಚ್ಚಿದಂತೆ ಇದರ ಸಂಭವವೂ ಹೆಚ್ಚು. ಹೊಟ್ಟೆಯ ಸ್ನಾಯು ಸಡಿಲವಾದವರಲ್ಲಿ ಮಗು ಅಡ್ಡ ಮಲಗುವುದು ಚೊಚ್ಚಲಿನವರಿಗಿಂತ ಜಾಸ್ತಿ. ಚೊಚ್ಚಲಿನಲ್ಲಿ ಮಗುವಿನ ತಲೆ ಸಾಮಾನ್ಯವಾಗಿ ವಾರಗಳ ಮೊದಲೇ ಇಳಿದು ಕೂರುತ್ತದೆ. ಮುಂದಿನವುಗಳಲ್ಲಿ ಎಷ್ಟೋ ಸಲ ನೋವು ಶುರುವಾಗುವ ತನಕ ಮೇಲೇ ತೇಲುತ್ತಿರುತ್ತದೆ. ಆಗ ನೀರು ಒಡೆದರೆ ಅದರ ಜೊತೆ ಹೊಕ್ಕುಳಬಳ್ಳಿಯೂ ಜಾರಿಬಿಡಬಹುದು. ಆಗ ಸಿಸೇರಿಯನ್ ಬೇಕೇ ಬೇಡವೇ ಎಂದು ಯೋಚಿಸಲು ಗಂಟೆಗಳಿರುವುದಿಲ್ಲ, ನಿಮಿಷಗಳಿರುತ್ತವೆ.

ಮೊದಲ ಬಸಿರಿನಲ್ಲಿ ಇಲ್ಲದ ಸಕ್ಕರೆ ಎರಡನೆಯದರಲ್ಲಿ ಕಾಣಿಸಿಕೊಳ್ಳಬಹುದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುವ ಪರೀಕ್ಷೆಯನ್ನು 'ಹೋದ ಸಲ ನಾರ್ಮಲ್ ಇತ್ತಲ್ಲ' ಎಂದು ತಪ್ಪಿಸುವವರಿದ್ದಾರೆ. ತಪ್ಪಿಸಬಾರದು. ಎರಡು ಬಸಿರಿನ ನಡುವೆ ಹತ್ತು ವರ್ಷ ಕಳೆದರೆ ರಕ್ತದೊತ್ತಡ ಏರಿ ಕಾಡುವ ಅಪಾಯ ಹೆಚ್ಚುಕಡಿಮೆ ಚೊಚ್ಚಲಿನವಳಷ್ಟೇ ಆಗುತ್ತದೆಂದು ನಾರ್ವೆಯ ಹೆರಿಗೆ ದಾಖಲೆಗಳನ್ನು ಆಧರಿಸಿದ 2002ರ ಅಧ್ಯಯನ ತೋರಿಸಿತು. ಅಂತರ ಬೆಳೆದಂತೆ ಹೆರಿಗೆ ನಿಧಾನವಾಗಿ ಸಾಗುವ ಸಂಭವವೂ ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು ಹೇಳಿದೆ. ಮೊದಲ ಮಗು ಹೈಸ್ಕೂಲಿಗೆ ಬಂದ ಮೇಲೆ ಎರಡನೆಯದಕ್ಕೆ ಬಸುರಾದವಳಿಗೆ ಆ ಹಳೆಯ ಸುಸೂತ್ರ ಹೆರಿಗೆ ಪೂರ್ತಿ ನೆರವಿಗೆ ಬರುವುದಿಲ್ಲ ಎಂದಾಯಿತು.

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. 1934ರಲ್ಲಿ ಡಬ್ಲಿನ್‌ನದೇ ಇನ್ನೊಬ್ಬ ವೈದ್ಯ ಬೆಥೆಲ್ ಸಾಲಮನ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹಲವು ಹೆತ್ತವಳೇ ಅಪಾಯದ ಬಸುರಿ ಎಂದು ಲೇಖನ ಬರೆದು ಆ ಕಾಲದ ನಂಬಿಕೆಯನ್ನು ತಲೆಕೆಳಗು ಮಾಡಿದರು. (ಐರ್ಲೆಂಡ್ ಪರವಾಗಿ ರಗ್ಬಿ ಆಡಿದ ಆಸಾಮಿ ಇವರು, ನೇರವಾಗಿ ನುಗ್ಗುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು.) ಅವರು ಹೇಳುತ್ತಿದ್ದದ್ದು ಏಳೆಂಟು ಮಕ್ಕಳ ತಾಯಂದಿರ ಬಗ್ಗೆ. ಆದರೆ ಅದರ ತಿರುಳು ಎರಡನೇ ಹೆರಿಗೆಗೂ ಅನ್ವಯಿಸುತ್ತದೆ. ಮಗು ದೊಡ್ಡದಾಗಿಯೋ ತಲೆ ಓರೆಯಾಗಿಯೋ ದಾರಿಯಲ್ಲಿ ಸಿಕ್ಕಿಕೊಂಡರೆ ಚೊಚ್ಚಲ ಗರ್ಭಕೋಶ ಸಾಮಾನ್ಯವಾಗಿ ದಣಿದು ಸುಮ್ಮನಾಗುತ್ತದೆ, ನೋವು ನಿಂತುಹೋಗುತ್ತದೆ. ಒಮ್ಮೆ ಹೆತ್ತ ಗರ್ಭಕೋಶ ಹಾಗೆ ಸೋಲೊಪ್ಪುವುದಿಲ್ಲ. ತಡೆ ಎದುರಿದ್ದರೂ ಹಿಂಡುತ್ತಲೇ ಹೋಗುತ್ತದೆ, ಕೊನೆಗೆ ತಾನೇ ಹರಿದುಹೋಗಬಹುದು.

ಹಿಂದೆ ಸಲೀಸಾಗಿ ಹೆತ್ತವಳ ಹೆರಿಗೆ ಈ ಸಲ ಮಧ್ಯದಲ್ಲಿ ನಿಂತುಬಿಟ್ಟರೆ ಅನುಭವಿ ವೈದ್ಯರ ಹುಬ್ಬು ಗಂಟಾಗುವುದು ಇದೇ ಕಾರಣಕ್ಕೆ. ಚೊಚ್ಚಲಿನವಳಿಗಾದರೆ ಡ್ರಿಪ್ ಹಾಕಿ ನೋವು ಜೋರು ಮಾಡಿ ಕಾಯುತ್ತಾರೆ. ಇವಳಿಗೆ ಅದೇ ಆಕ್ಸಿಟೋಸಿನ್ ಡ್ರಿಪ್ ಹಾಕುವ ಮೊದಲು ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಬೇಕು. ಹತ್ತಿರದ ಕ್ಲಿನಿಕ್ಕಿನಲ್ಲಿ 'ನೋವಿನ ಇಂಜೆಕ್ಷನ್' ಹಾಕಿಸಿಕೊಂಡು ಬರುವ ರೂಢಿ ಎರಡನೇ ಹೆರಿಗೆಯವರಿಗೆ ಹೆಚ್ಚು ಅಪಾಯ. 'ಎರಡನೆಯದಲ್ವಾ, ಮನೇಲೇ ಸ್ವಲ್ಪ ಹೊತ್ತು ನೋಡೋಣ' ಎಂಬ ಅತ್ತೆಯ ಮಾತಿನಲ್ಲೂ ಅಷ್ಟೇ ಅಪಾಯವಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಅವರು ಮಾಡಿಸಿದ ಹೆರಿಗೆಗಳು 15 ಸಾವಿರ ಮೀರಿದ್ದವು ಎಂದು ನಾಡು ಹೆಮ್ಮೆಪಟ್ಟಿತು. ಹೆಮ್ಮೆ ಸರಿಯೇ. ಆದರೆ ಅಂಥ ಕೈಗಳೂ ಗರ್ಭಕೋಶ ಹರಿದ ಮೇಲೆ ಏನೂ ಮಾಡಲಾರವು.

ಬೇಕಾದ ಆಪರೇಷನ್, ಬೇಡದ ಆಪರೇಷನ್

ಇಷ್ಟು ಹೇಳಿದ್ದು ಬೇಕಾದ ಸಿಸೇರಿಯನ್‌ಗಳ ಬಗ್ಗೆ. ಇನ್ನು ಉಳಿದವು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಿಸೇರಿಯನ್ ಪ್ರಮಾಣ 2005-06ರಲ್ಲಿ ಶೇ 8.5 ಇತ್ತು. 2015-16ರಲ್ಲಿ ಅದು ಶೇ 17.2, 2019-21ರಲ್ಲಿ ಶೇ 21.5. ಕರ್ನಾಟಕದಲ್ಲಿ 2015-16 ಮತ್ತು 2019-21ರ ಸಮೀಕ್ಷೆಗಳ ನಡುವೆ ಶೇ 23.6ರಿಂದ ಶೇ 31.5ಕ್ಕೆ ಏರಿತು. 2019-21ರಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಶೇ 14.3 ಇದ್ದರೆ ಖಾಸಗಿಯಲ್ಲಿ ಶೇ 47.4 ಇತ್ತು. ಸರ್ಕಾರಿ ಆಸ್ಪತ್ರೆಗೂ ಖಾಸಗಿಗೂ ಹೋಗುವ ಹೆಂಗಸರ ದೇಹ ಇಷ್ಟು ಬೇರೆಯಾಗಿರಲು ಸಾಧ್ಯವಿಲ್ಲ. ವಯಸ್ಸು, ತೂಕ, ಸಕ್ಕರೆ ಕಾಯಿಲೆಯ ಲೆಕ್ಕ ಕಳೆದರೂ ಉಳಿಯುವ ಅಂತರಕ್ಕೆ ಕಾರಣ ವ್ಯವಸ್ಥೆಯಲ್ಲಿದೆ. ರಾತ್ರಿಯಿಡೀ ಕಾಯಲು ಸಿಬ್ಬಂದಿಯಿಲ್ಲ. ಒಬ್ಬರೇ ವೈದ್ಯೆ ಮೂರು ನರ್ಸಿಂಗ್ ಹೋಮ್ ನೋಡುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಜನ ಕಲ್ಲು ತೂರುತ್ತಾರೆ ಎಂಬ ಭಯವೂ ಇದೆ. ಹೌದು, ದುಡ್ಡೂ ಇದೆ.

ಚೊಚ್ಚಲಿನ ಸ್ಥಿತಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ವಿದೇಶಿ ಸಹೋದ್ಯೋಗಿಗಳೊಂದಿಗೆ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನವೊಂದು 2024ರಲ್ಲಿ 'ನೇಚರ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ನೋವು ತಾನಾಗಿ ಬಂದ ಚೊಚ್ಚಲ ಬಸುರಿಯರಲ್ಲೇ ಅಲ್ಲಿ ಸಿಸೇರಿಯನ್ ಪ್ರಮಾಣ ಶೇ 45.2 ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಹೆರಿಗೆ ಆರೈಕೆ ಮಾರ್ಗದರ್ಶಿ ಬಳಸಿದಾಗ ಅದು ಶೇ 39.7 ಆಯಿತು. ಇಳಿಕೆ ಆ ಮಾರ್ಗದರ್ಶಿಯಿಂದಲೇ ಆಯಿತೆಂದು ಖಚಿತವಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ. ಇದೇ ಗುಂಪಿನಲ್ಲಿ ಶೇ 10ರೊಳಗೆ ಇರಿಸಲು ಸಾಧ್ಯ ಎನ್ನುತ್ತದೆ ಮೊದಲು ಹೇಳಿದ 2017ರ ಕೈಪಿಡಿ. ಇಂಥ ಕಾಲದಲ್ಲಿ ಮೊದಲನೆಯದನ್ನು ಸಹಜವಾಗಿ ಹೆತ್ತು ಬಂದವಳು ಕಷ್ಟದ ಬಾಗಿಲನ್ನು ಆಗಲೇ ದಾಟಿದವಳು. ಅವಳಿಗೆ ಎರಡನೆಯದರಲ್ಲಿ ಕಾರಣವಿಲ್ಲದೆ ಕತ್ತರಿ ಹಾಕುವುದು ಗಳಿಸಿದ್ದನ್ನು ಕಳೆದಂತೆ.

ಆದರೂ ಹಾಕುತ್ತಾರೆ. ನಮ್ಮಲ್ಲಿ ಅದಕ್ಕೊಂದು ವಿಶೇಷ ಕಾರಣವಿದೆ, ಅದು ವೈದ್ಯರಿಂದಲ್ಲ, ಮನೆಯಿಂದ ಬರುತ್ತದೆ: 'ಹೆಂಗೂ ಎರಡು ಸಾಕು, ಮಕ್ಕಳಾಗದ ಆಪರೇಷನ್ ಮಾಡಿಸಬೇಕಲ್ಲ. ಎರಡೂ ಒಂದೇ ಸಲ ಮುಗಿಸಿಬಿಡಿ ಡಾಕ್ಟ್ರೆ.' ಕರ್ನಾಟಕದಲ್ಲಿ ಮದುವೆಯಾದ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಹೀಗಾಗಿ ಈ ಬೇಡಿಕೆ ಸಹಜ ಅನ್ನಿಸಿಬಿಟ್ಟಿದೆ. ಲೆಕ್ಕ ಮಾತ್ರ ತಪ್ಪು. ಸಹಜ ಹೆರಿಗೆಯಾದ ಏಳು ದಿನದೊಳಗೆ ಹೊಕ್ಕುಳ ಕೆಳಗೆ ಪುಟ್ಟ ಗಾಯ ಮಾಡಿ ನಾಳ ಕಟ್ಟಬಹುದು. ಗರ್ಭಕೋಶ ಆಗಿನ್ನೂ ಮೇಲೇ ಇರುವುದರಿಂದ ಕೆಲಸ ಸುಲಭ. ಅದಕ್ಕಾಗಿ ಹೊಟ್ಟೆಯ ಪದರಗಳನ್ನೂ ಗರ್ಭಕೋಶವನ್ನೂ ಕೊಯ್ಯಬೇಕಿಲ್ಲ. ಗಂಡಸರ ವ್ಯಾಸೆಕ್ಟಮಿ ಇನ್ನೂ ಸಣ್ಣ ಚಿಕಿತ್ಸೆ ಎಂಬುದನ್ನು ಈ ಮಾತುಕತೆಯಲ್ಲಿ ಯಾರೂ ಎತ್ತುವುದಿಲ್ಲ. ಒಳ್ಳೆಯ ನಕ್ಷತ್ರ ಹುಡುಕಿ ಬರುವವರ ಬಗ್ಗೆ ಹೇಳದಿರುವುದೇ ಲೇಸು.

ಇನ್ನೊಂದು ಕಾರಣಕ್ಕೆ ಯಾರೂ ಬಾಯಿ ಬಿಡುವುದಿಲ್ಲ: ಮೊದಲ ಹೆರಿಗೆಯ ಭಯ. ಕಾಗದದ ಮೇಲೆ ಅದು 'ನಾರ್ಮಲ್'. ಹೆತ್ತವಳಿಗೆ ಗೊತ್ತು ಅದೆಷ್ಟು ನಾರ್ಮಲ್ ಎಂದು. ಕಿರುಚಿದ್ದಕ್ಕೆ ತೊಡೆಗೆ ಬಾರಿಸಿದ ಕೈ, 'ಆವಾಗ ಗೊತ್ತಾಗಲಿಲ್ವಾ' ಎಂಬ ಹೀಯಾಳಿಕೆ, ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಕಳೆದ ರಾತ್ರಿ, ಮರಗಟ್ಟಿಸದೆ ಹಾಕಿದ ಹೊಲಿಗೆ. ಅಂಥವಳು ಎರಡನೇ ಸಲ ಬಂದು 'ನನಗೆ ಸಿಸೇರಿಯನ್ನೇ ಮಾಡಿ' ಎಂದರೆ ಅವಳು ನಾಜೂಕಿನವಳಲ್ಲ, ಒಮ್ಮೆ ಬೆಂದವಳು. ಇನ್ನು ಕೆಲವರಿಗೆ ಮೊದಲ ಹೆರಿಗೆಯಲ್ಲಿ ಹರಿದ ಗಾಯ ಗುದದ್ವಾರದ ಸ್ನಾಯುವಿನವರೆಗೂ ಹೋಗಿರುತ್ತದೆ. ಆಮೇಲೆ ವಾಯು ತಡೆಯಲಾಗದೆ, ಮಲ ತಡೆಯಲಾಗದೆ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟ ಹೆಂಗಸರಿದ್ದಾರೆ. ಗಂಡನಿಗೂ ಹೇಳಿರುವುದಿಲ್ಲ. ಇಂಥ ಆಳದ ಗಾಯ ಮುಂದಿನ ಹೆರಿಗೆಯಲ್ಲಿ ಮರುಕಳಿಸುವುದು ನೂರರಲ್ಲಿ ಐದರಿಂದ ಏಳು ಮಂದಿಗೆ ಎನ್ನುತ್ತದೆ ಬ್ರಿಟನ್ನಿನ ಹೆರಿಗೆ ತಜ್ಞರ ಕಾಲೇಜಿನ ಮಾರ್ಗದರ್ಶಿ. ತೊಂದರೆ ಉಳಿದವರಿಗೆ ಸಿಸೇರಿಯನ್ ಆಯ್ಕೆಯನ್ನು ಮುಂದಿಡಬೇಕು ಎಂದೂ ಅದು ಹೇಳುತ್ತದೆ. ಅದು ಸರಿಯಾದ ಕಾರಣ. ಆದರೆ ಕೇಳುವವರಿದ್ದರೆ ತಾನೇ ಅವಳು ಹೇಳುವುದು?

ಭಯಕ್ಕೆ ಮದ್ದು ಕತ್ತರಿಯಲ್ಲ, ಜೊತೆಗೊಬ್ಬರು. ಹೆರಿಗೆ ಕೋಣೆಯಲ್ಲಿ ತಾಯಿಯೋ ಅಕ್ಕನೋ ಗಂಡನೋ ಪಕ್ಕದಲ್ಲಿದ್ದರೆ ಸಹಜ ಹೆರಿಗೆಯ ಸಂಭವ ಹೆಚ್ಚುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. 2017ರ ಕೊನೆಯಲ್ಲಿ ಕೇಂದ್ರ ತಂದ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಹೆರಿಗೆ ಸಂಗಾತಿಗೆ, ಗೌರವದ ಆರೈಕೆಗೆ ಜಾಗವಿದೆ. ನೋವು ತಗ್ಗಿಸುವ ಎಪಿಡ್ಯೂರಲ್ ಮಾತ್ರ ಇನ್ನೂ ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳ ಮಾತು.

ಕಾರಣ ಕೇಳುವುದು ತಪ್ಪಲ್ಲ

ಹೊರಗೆ ಕೂತವರಿಗೆ ಒಳಗಿನಿಂದ ಬರುವ ಕಾರಣಗಳಲ್ಲಿ ಕೆಲವು ಬಹಳ ಪರಿಚಿತ. 'ಕರುಳು ಕುತ್ತಿಗೆಗೆ ಸುತ್ತಿಕೊಂಡಿದೆ' ಎಂಬುದು ಒಂದು. ಸುಮಾರು ನಾಲ್ಕರಲ್ಲಿ ಒಂದು ಮಗು ಹಾಗೆಯೇ ಹುಟ್ಟುತ್ತದೆ, ಬಹುಪಾಲು ತೊಂದರೆಯಿಲ್ಲದೆ. ಹುಟ್ಟುವಾಗ ಸೂಲಗಿತ್ತಿ ಸುತ್ತು ಬಿಡಿಸುತ್ತಾಳೆ. ಎದೆಬಡಿತ ಸರಿಯಿದ್ದರೆ ಸ್ಕ್ಯಾನಿಂಗಿನ ಆ ಒಂದು ಸಾಲು ಸಿಸೇರಿಯನ್‌ಗೆ ಕಾರಣವಾಗದು. 'ಮಗು ದಪ್ಪ ಇದೆ' ಎಂಬುದು ಇನ್ನೊಂದು. ಸ್ಕ್ಯಾನ್ ಹೇಳುವ ತೂಕ ಶೇ 10-15ರಷ್ಟು ಆಚೀಚೆ ಆಗುವುದು ಸಾಮಾನ್ಯ. ಎರಡನೇ ಮಗು ಮೊದಲನೆಯದಕ್ಕಿಂತ ಸರಾಸರಿ ನೂರಿನ್ನೂರು ಗ್ರಾಂ ಹೆಚ್ಚು ತೂಗುವುದೂ ಸಹಜವೇ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಅಂದಾಜು ತೂಕ 5 ಕಿಲೊ, ಇದ್ದವರಲ್ಲಿ 4.5 ಕಿಲೊ ಮುಟ್ಟಿದರೆ ಮಾತ್ರ ಮೊದಲೇ ಸಿಸೇರಿಯನ್ ಯೋಚಿಸಬಹುದು ಎನ್ನುತ್ತಾರೆ ಅಮೆರಿಕದ ತಜ್ಞರು. ನಮ್ಮಲ್ಲಿ ಮೂರೂವರೆ ಕಿಲೊಗೇ ಗಾಬರಿ. 'ಮಗು ಉಲ್ಟಾ ಇದೆ' ಎಂದರೆ ಹೊರಗಿನಿಂದ ಕೈಯಲ್ಲೇ ತಿರುಗಿಸಿ ನೋಡುವ ವಿಧಾನವೊಂದಿದೆ. ಹಿಂದೆ ಹೆತ್ತವರಲ್ಲಿ ಅದು ನೂರಕ್ಕೆ ಅರವತ್ತರಷ್ಟು ಕೈಹಿಡಿಯುತ್ತದೆ, ಚೊಚ್ಚಲಿನವರಲ್ಲಿ ನಲವತ್ತರಷ್ಟು. ತಿರುಗಿಸಲು ಬಲ್ಲವರು ಈಗ ಕಡಿಮೆಯಾಗಿದ್ದಾರೆ ಎಂಬುದು ಬೇರೆ ಸಂಗತಿ.

ಆದರೆ ಎದೆಬಡಿತ ಇಳಿದು ಏಳದಿದ್ದರೆ, ರಕ್ತ ಹೋಗುತ್ತಿದ್ದರೆ, ಬಳ್ಳಿ ಜಾರಿದ್ದರೆ, ಮಗು ಅಡ್ಡ ಸಿಕ್ಕಿಕೊಂಡಿದ್ದರೆ ಸಹಿ ಹಾಕಲು ತಡಮಾಡಬೇಡಿ. 'ಮೊದಲನೆಯದು ನಾರ್ಮಲ್ ಆಗಿತ್ತು' ಎಂದು ವಾದಿಸುತ್ತಾ ಕಳೆದ ಹತ್ತು ನಿಮಿಷ ಮರಳಿ ಸಿಗುವುದಿಲ್ಲ.

ಸಿಸೇರಿಯನ್ ಸಣ್ಣದೇನಲ್ಲ ಎಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸಾಲು ಸಾವು ನೆನಪಿಸಿತು. ಅಲ್ಲಿ ಅನುಮಾನ ಬಿದ್ದದ್ದು ನರಕ್ಕೆ ಕೊಡುವ ದ್ರಾವಣದ ಮೇಲೆ. ಹೊಟ್ಟೆ ಕೊಯ್ದ ಮೇಲೆ ದ್ರಾವಣ, ಅರಿವಳಿಕೆ, ರಕ್ತ, ಹೊಲಿಗೆ ಎಲ್ಲವೂ ಸರಿಯಿರಬೇಕು, ಒಂದು ಕೈಕೊಟ್ಟರೂ ಕಷ್ಟ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಮೇಲೆ ಕೂತು ಗರ್ಭಕೋಶಕ್ಕೇ ಅಂಟಿಕೊಳ್ಳುವ ಅಪಾಯವೂ ಇದೆ, ಸಿಸೇರಿಯನ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಅದು ಹೆಚ್ಚು.

ಎರಡನೆಯದು ನಿಜವಾಗಿಯೂ ಸಿಸೇರಿಯನ್ ಆಗಲೇಬೇಕಾಯಿತು ಎಂದಿಟ್ಟುಕೊಳ್ಳಿ. ಮೂರನೆಯದಕ್ಕೆ ಬಸುರಾದವರಿಗೆ ಮತ್ತೆ ಸಹಜವಾಗಿ ಹೆರುವ ದಾರಿ ಮುಚ್ಚಿಲ್ಲ. ಒಂದು ಸಿಸೇರಿಯನ್ ಆದವರು ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ ಸುಮಾರು 72ರಿಂದ 75 ಮಂದಿಗೆ ಅದು ಕೈಗೂಡುತ್ತದೆ. ಅವರಲ್ಲಿ ಒಮ್ಮೆಯಾದರೂ ಸಹಜವಾಗಿ ಹೆತ್ತವರಿಗೆ ಇದು 85ರಿಂದ 90. ಹೊಲಿಗೆ ಬಿಡುವ ಅಪಾಯ ಇನ್ನೂರರಲ್ಲಿ ಒಂದರಷ್ಟು. ಹಾಗಾಗಿ ಆಪರೇಷನ್ ಥಿಯೇಟರ್ ಸದಾ ಸಿದ್ಧವಿರುವ ಆಸ್ಪತ್ರೆಯಲ್ಲೇ ಪ್ರಯತ್ನ ನಡೆಯಬೇಕು.

ಎರಡನೆಯದಕ್ಕೆ ಹೋಗುವಾಗ ತಾಯಿ ಕಾರ್ಡಿನ ಜೊತೆ ಮೊದಲ ಹೆರಿಗೆಯ ಡಿಸ್ಚಾರ್ಜ್ ಸಮ್ಮರಿಯನ್ನೂ ಒಯ್ಯಿರಿ. ಮಗುವಿನ ತೂಕ ಎಷ್ಟಿತ್ತು, ನೋವು ಎಷ್ಟು ಹೊತ್ತು ಹಿಡಿಯಿತು, ಇಕ್ಕಳವೋ ವ್ಯಾಕ್ಯೂಮೋ ಹಾಕಿದ್ದರೇ, ಗಾಯ ಎಷ್ಟು ಆಳ ಹರಿದಿತ್ತು, ಹೆರಿಗೆಯ ನಂತರ ರಕ್ತ ಹೆಚ್ಚು ಹೋಗಿತ್ತೇ ಎಂಬ ಐದು ವಿಷಯ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಆ ಆಸ್ಪತ್ರೆಗೆ ಹೋಗಿ ಬರೆಸಿಕೊಳ್ಳಿ. ಈ ಸಲ ಆಪರೇಷನ್ ಎಂದರೆ, ತುರ್ತು ಇಲ್ಲದಿದ್ದಲ್ಲಿ, ಕಾರಣವನ್ನು ಕಾಗದದ ಮೇಲೆ ಕೇಳಿ. ಅದನ್ನು ಕೇಳುವ ಹಕ್ಕು ಬಸುರಿಗಿದೆ.